ದೀರ್ಘ

ಮಂಗಳವಾರ ಇಬ್ಬರು ಕೆಮ್ಮಿದರು, ಬುಧವಾರ ಐದು ಮಂದಿ.
ಬೇಸ್ತವಾರ ಡಾಕ್ಟರು ಬಂದು
ಗೇಟಿಗೆ ಕೀಲಿ ಹಾಕ್ರಿ ಅಂದ್ರು.
ಗದಗಿನ ಮುಳಗುಂದ ನಾಕಾದಾಚೆ, ಮುಚ್ಚಿದ ಗಿರಣಿ ಹಿಂದ,
ಹತ್ತೊಂಬತ್ತು ಮಂಚದ ಮನಿ ನಮ್ಮದು.
ನಾ ಒಳಗ ಉಳದೆ. ನನ್ನ ಚಾಪಿ
ಅಕ್ಕಿ ಚೀಲದ ಬಾಜೂಕ.

ಜ್ವರ ಇದ್ದವರ ಲೋಟಕ್ಕ ಕೆಂಪು ದಾರ, ಇಲ್ಲದವರಿಗೆ ಬಿಳಿ.
ಜ್ವರದ ಖೋಲಿಗೆ ಕಾಶವ್ವ ಒಬ್ಬಾಕೀನ ಹೋಗಬೇಕು,
ನಾ ಹೊಸ್ತಿಲಾ ದಾಟೂಹಂಗಿಲ್ಲ.
ಕೈ ತೊಳಿ, ತೊಳಿ, ಮತ್ತ ತೊಳಿ.
ತಂಗಿ ಮದವಿಗೆ ಹಚಿಗೊಂಡ ಮದರಂಗಿ
ಮೂರು ದಿನದಾಗ ಸೋಪಿನ ಸಂಗಾಟ ಹೋತು.

ಫೋನ್ ಇದ್ದವು. ಫೋನಿನಾಗ ಅಂಬೂಬಾಯಿ ಮೇರವಾಡೆಗೆ
ಬರೇ ಒಂದು ಮೂಗು ಕಾಣತಿತ್ತು.
ಕಿವಿ ಮೊದಲ ಇಲ್ಲ.
ಇದು ನಮ್ಮ ಸೋನೂನ ಮೂಗಲ್ಲ ಅಂತ ಬೋರಲಾ ಇಟ್ಟಳು.
ಸೋನೂಬಾಯಿ ಬೆಟಗೇರಿಯಿಂದ ನಡಕೋತ ಬಂದು
ದಿನಾ ನಾಲ್ಕಕ್ಕ ಮುಂದಿನ ಗಾಜಿನಾಚೆ ನಿಲ್ಲತಿದ್ದಳು.
ಈ ಕಡೆ ಎರಡು ಕಣ್ಣು, ಆ ಕಡೆ ಎರಡು.

ಆವಾಗ ಎದ್ದರು ನೋಡ್ರಿ, ಹೊಂಬಳ ಅಜ್ಜಾರು.
ನಲವತ್ತು ವರ್ಷ ಪ್ರೆಸ್ಸಿನಾಗ ಮೊಳಿ ಜೋಡಿಸಿದವರು,
ಲಗ್ನಪತ್ರಿಕಿ, ಪಾವತಿ ಪುಸ್ತಕ, ಸತ್ತವರ ಕಾರ್ಡು,
ಎಲ್ಲಾ ಉಲ್ಟಾ.
ವಿಭೂತಿ ಗಟ್ಟಿ ನೀರಾಗ ಅದ್ದಿ
ಗಾಜಿನ ಮ್ಯಾಲ ಬರದರು, ಬಲದಿಂದ ಎಡಕ್ಕ,
ನಮಗ ಹುಳಾ ಹರದಂಗ ಕಂಡಿತು.
ಹೊರಗ ಸೋನೂಬಾಯಿ ಸೀದಾ ಓದಿದಳು:
ಖಾರಾ ಕಳಸಬ್ಯಾಡ. ಕಳಸಿದರ ಡಾಕ್ಟರಿಗೆ ಹೇಳಬ್ಯಾಡ.
ಸೆರಗು ಬಾಯಿಗಿಟ್ಟು ನಕ್ಕಳು.
ಆ ನಗಿಗೆ ಕಿವಿ ಬೇಕಾಗಲಿಲ್ಲ.

ಮರುದಿನ ಪಾಳಿ ಹಚ್ಚಿದರು.
ಹಲ್ಲಿನ ಸೆಟ್ಟು ಕಪಾಟಿನಾಗೈತಿ, ತಾ.
ಎಮ್ಮಿ ಈಯ್ತೇನು?
ಪರೀಕ್ಷೆಗೆ ನನ್ನ ಗಡಿಯಾರ ಕಟಿಗೊಂಡು ಹೋಗು.
ಆರು ವರ್ಷ ತಮ್ಮನ ಕೂಡ ಮಾತು ಬಿಟ್ಟಿದ್ದ ಗೌಡ್ರು
ಭಾಳ ಹೊತ್ತು ನಿಂತು ಹೇಳಿದರು: ಸಿಟ್ಟಿಲ್ಲ.
ಇಷ್ಟ? ಅಂದ್ರು ಅಜ್ಜಾರು.
ಇಷ್ಟ.

ಒಂಬತ್ತನೇ ದಿನ ಅಜ್ಜಾರ ಲೋಟಕ್ಕ
ಬಿಳಿ ದಾರ ಬಿಚ್ಚಿ ಕೆಂಪು ಕಟ್ಟಿದೆ. ನಾನ ಕಟ್ಟಿದೆ.
ಹಿಂದಿನ ಖೋಲಿ. ಅಲ್ಲೊಂದು ಸಣ್ಣ ಗಾಜು.
ಅದರಾಚೆ ನಿಲ್ಲಾಕ ಯಾರೂ ಬರಲಿಲ್ಲ.
ರಿಜಿಸ್ಟರಿನಾಗ ಸಂಬಂಧಿಕರು ಅನ್ನೋ ಕಡೆ
ಪ್ರೆಸ್ಸಿನ ವಿಳಾಸ ಬರಸಿದ್ದರು.
ಆ ಪ್ರೆಸ್ಸಿನ ಜಾಗಾದಾಗ ಈಗ ಚಪ್ಪಲಿ ಅಂಗಡಿ.

ಆ ರಾತ್ರಿ ಅಕ್ಕಿ ಚೀಲಕ್ಕ ಕನ್ನಡಿ ಆನಿಸಿ
ಉಲ್ಟಾ ಬರಿಯಾಕ ಕುಂತೆ.
ಏಳನೇತ್ತಾಗ ಸಾಲಿ ಬಿಟ್ಟಾಕಿ, ಸೀದಾನ ಬರೂದಿಲ್ಲ ನನಗ.
ಆದರ ಸಣ್ಣಾಕಿದ್ದಾಗ ಮದರಸಾದಾಗ
ಬಲದಿಂದ ಎಡಕ್ಕ ಹೋದ ಕೈ ಇದು,
ದಾರಿ ಅಷ್ಟ ನೆನಪಿತ್ತು ಅದಕ್ಕ.

ಮುಂಜಾನೆ ಹಿತ್ತಲದಾಗ ನಿಂತು
ಸುಣ್ಣದಾಗ ಬೆರಳು ಅದ್ದಿ ಹೊರಗಿನಿಂದ ಬರದೆ:
ನಾಷ್ಟಾ ಆತೆನ್ರಿ

ಅಜ್ಜಾರು ಕಣ್ಣು ತಗದರು. ನೋಡಿದರು. ಮತ್ತ ಮುಚ್ಚಿದರು.
ಕಾಶವ್ವ ಬಾಗಲದಿಂದ ಒದರಿ ಹೇಳಿದಳು:
ಕನ್ನಡಿ ಯಾಕ ಬೇಕಿತ್ತು ದಿಲಶಾದಾ,
ನನಗ ಎರಡೂ ಕಡಿ ಸೀದಾನ, ಅಂತಾರ.
ಮತ್ತ, ತೇ-ಗೆ ದೀರ್ಘ ಬಿಟ್ಟೀಯಂತ.

ಜಾಗಾ ಎಲ್ಲಿತ್ತು. ಎರಡು ಅಕ್ಷರದ ನಡುವ
ಒತ್ತಿ ತುರುಕಿದೆ. ಸುಣ್ಣ ನೀರಾಗಿತ್ತು,
ದೀರ್ಘ ಹಂಗ ಇಳೀತು, ಕೆಳಗ, ಇನ್ನೂ ಕೆಳಗ,
ಗಾಜಿನ ಚೌಕಟ್ಟಿನ ತನಕ.
ಒಳಗ ಒಂದು ಕೈ ಎದ್ದಿತು,
ಸಾಕು ಅಂತೋ
ಮುಂದಿನ ಸಾಲು ಬರಿ ಅಂತೋ.