ಪ್ರಭಾರ

ಪೇಂಟರ್ ಈರೇಶ ಬೆಳಿಗ್ಗೆಯೇ ಬಂದು
ಆಫೀಸು ಕೋಣೆಯ ಗೋಡೆಗೆ ನಿಚ್ಚಣಿಕೆ ಒರಗಿಸಿದ್ದಾನೆ.
ಸಾಲೆಗೆ ಐವತ್ತು ವರ್ಷ; ಅದಕ್ಕೇ ಹೊಸ ಬಣ್ಣ,
ಮುಖ್ಯಗುರುಗಳ ಹೆಸರಿನ ಹಲಗೆಗೂ ಹೊಸ ಹಳದಿ ಅಕ್ಷರ.
ಕೈಯಲ್ಲಿ ಗುಮಾಸ್ತರು ಕೊಟ್ಟ ಪಟ್ಟಿ.
ಹದಿನೇಳನೆಯ ಹೆಸರು ಮುಗಿದಲ್ಲಿ ಕುಂಚ ನಿಂತಿತು:
"ಮೇಡಂ, ಇವರು ಹೋಗಿದ್ದು ಹದಿನಾಲ್ಕನೇ ಇಸವಿ,
ಮುಂದಿನವರು ಬಂದಿದ್ದು ಇಪ್ಪತ್ತೆರಡು.
ನಡುವ ಸಾಲಿ ಬಂದ್ ಇತ್ತೇನ್ರೀ?"

ಇರಲಿಲ್ಲಪ್ಪ. ನಾನಿದ್ದೆ.

ಎಂಟು ವರ್ಷ. ಕೀಲಿ ಗೊಂಚಲು ನನ್ನ ಚೀಲದಲ್ಲಿ,
ಬುತ್ತಿ ಡಬ್ಬಿಗೂ ಮಗಳ ಕೆಮ್ಮಿನ ಔಷಧಕ್ಕೂ ನಡುವೆ.
ಕಾರಟಗಿಯ ಮಿಲ್ಲುಗಳ ಹೊಟ್ಟಿನ ಬೂದಿ
ರಾತ್ರಿಯೆಲ್ಲ ಕಿಟಕಿಯಿಂದ ಬಂದು ಕೂರುತ್ತಿತ್ತು
ಹಾಜರಿ ಪುಸ್ತಕದ ಮೇಲೆ, ಗ್ಲೋಬಿನ ಮೇಲೆ,
ಆ ಕುರ್ಚಿಯ ಮೇಲೆ.
ಮೂರನ್ನೂ ಸೆರಗಿನಿಂದ ಒರೆಸಿಯೇ ನನ್ನ ದಿನ ಶುರು.

ಕುರ್ಚಿ ಎತ್ತರದ್ದು. ಬೆನ್ನಿಗೆ ಟರ್ಕಿ ಟವೆಲು,
ಹಿಂದಿನ ಸಾಹೇಬರ ಕೊಬ್ಬರಿ ಎಣ್ಣೆಯ ಕಲೆ ಸಮೇತ.
ಕೂತರೆ ಕಾಲು ನೆಲಕ್ಕೆ ಸಿಗದು.
ಬದಲಿಸಿ ಎಂದು ಬರೆದೆ. ನಿಧಿ ಇಲ್ಲ ಎಂದು ಬಂತು.
ಎಂಟು ವರ್ಷ ತುದಿಯಲ್ಲೇ ಕೂತೆ,
ಇಬ್ಬರ ಸೀಟಿನಲ್ಲಿ ಮೂರನೆಯವಳು ಕೂತ ಹಾಗೆ.

ರಬ್ಬರು ಮುದ್ರೆಯಲ್ಲಿ 'ಮುಖ್ಯೋಪಾಧ್ಯಾಯರು',
ಅದರ ಕೆಳಗೆ, ಆವರಣದೊಳಗೆ, 'ಪ್ರಭಾರ'.
ಕನ್ನಡದ ಮಾಸ್ತರು ನಕ್ಕು ಬಿಡಿಸಿ ಹೇಳಿದ್ದರು:
ಪ್ರ ಬೇರೆ, ಭಾರ ಬೇರೆ.
ಪ್ರ ಯಾರದೋ ಗೊತ್ತಿಲ್ಲ.

ಪಾಲಕರು ಬರುತ್ತಿದ್ದರು. ಕುರ್ಚಿಯಲ್ಲಿ ನಾನಿದ್ದರೂ
ಪಕ್ಕದಲ್ಲಿ ನಿಂತ ಪಿ.ಟಿ. ಮಾಸ್ತರ ಮುಖ ನೋಡಿ
"ಹೆಡ್ಮಾಸ್ತರು ಎಲ್ಲ್ಯಾರ್ರೀ?"
ಅವರು ಪಾಪ, ನನ್ನ ಕಡೆ ಬೆರಳು ತೋರಿಸುತ್ತಿದ್ದರು,
ನೀರಿನ ನಲ್ಲಿ ಎಲ್ಲಿದೆಯೆಂದು ತೋರಿಸಿದ ಹಾಗೆ.

ಕೊಪ್ಪಳದಲ್ಲಿ ಸಭೆ ನಾಲ್ಕಕ್ಕೆ ಅಂದರೆ ಐದೂವರೆಗೆ.
ತೀರ್ಮಾನಗಳೆಲ್ಲ ಆಮೇಲೆ, ಗೇಟಿನಾಚೆ ಚಹದಂಗಡಿಯಲ್ಲಿ,
ಬೈಕುಗಳಿಗೆ ಒರಗಿಕೊಂಡು.
ಅಷ್ಟೊತ್ತಿಗೆ ನಾನು ಗಂಗಾವತಿ ಬಸ್ಸಿನಲ್ಲಿ,
ಬೆಳಗಿನಿಂದ ನೀರು ಕುಡಿಯದೆ.
ಯಾಕೆಂದು ಹೆಣ್ಣುಮಕ್ಕಳಿಗೆ ಹೇಳಬೇಕಿಲ್ಲ.
ಮರುದಿನ ಫೋನು: "ಮೇಡಂ, ನೀವು ಇರಲಿಲ್ಲ ನೋಡ್ರಿ,
ಎರಡು ಕೋಣಿ ಬ್ಯಾರೆ ಸಾಲಿಗೆ ಹೋದ್ವು."

ಇದೆಲ್ಲ ಹೊರಗಿನದು. ಹೇಳಿಕೊಳ್ಳುವುದು ಸುಲಭ.

ಬಡ್ತಿ ಪಟ್ಟಿಯಲ್ಲಿ ನನ್ನ ಹೆಸರೂ ಬಂದಿತ್ತು, ಒಮ್ಮೆ.
ಕಲಬುರಗಿಯಲ್ಲಿ ಕೌನ್ಸೆಲಿಂಗ್; ಖಾಲಿ ಇದ್ದದ್ದು ದೇವದುರ್ಗದ ಕಡೆ.
ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ.
ಅವರು ಪೇಪರು ಮಡಚಿಟ್ಟು "ನಿನ್ನಿಷ್ಟ" ಅಂದರು.
ಅಂದು ರಾತ್ರಿ ಅತ್ತೆ ತಾವೇ ರೊಟ್ಟಿ ತಟ್ಟಿದರು, ಮಾತಿಲ್ಲದೆ.
ಆ ಸಪ್ಪಳ ಕೇಳುತ್ತ ನಾನೇ ಬರೆದೆ,
ಎಲ್ಲರೂ ಹೊಗಳುವ ನನ್ನ ದುಂಡು ಅಕ್ಷರದಲ್ಲಿ:
ಕೌಟುಂಬಿಕ ಕಾರಣಗಳಿಂದ.
ಲೆಕ್ಕದ ಟೀಚರು ನಾನು. ಆ ಕಾರಣಗಳನ್ನು
ಇವತ್ತಿಗೂ ಎಣಿಸಿ ನೋಡಿಲ್ಲ.

ಈರೇಶ ಚಹ ಕುಡಿದು ಮುಂದಿನ ಹೆಸರು ಬರೆಯುತ್ತಿದ್ದಾನೆ.
ಎರಡು ಹೆಸರುಗಳ ನಡುವೆ ಒಂದು ಬೆರಳು ಹೆಚ್ಚು ಜಾಗ,
ಬೇಕಂತಲೇ ಬಿಟ್ಟನೋ, ಕೈ ಜಾರಿತೋ.
ಕೇಳಲಿಲ್ಲ.

ಮಧ್ಯಾಹ್ನ ವಿಜ್ಞಾನದ ಮೆಹಜಬೀನ್ ಬಂದಳು,
ಕೈಯಲ್ಲಿ ಅದೇ ನಮೂನೆ.
ಮಗ ಎರಡನೇ ಇಯತ್ತೆ. ಸಿಕ್ಕಿರುವುದು ಲಿಂಗಸುಗೂರು.
"ಏನ್ ಮಾಡ್ಲಿ ಮೇಡಂ?"

"ನೋಡವ್ವಾ, ಹುಡುಗ ಇನ್ನೂ ಸಣ್ಣಾವ..."
ಅಂದು ಅತ್ತೆ ಆಡದೇ ಉಳಿಸಿದ ಮಾತು,
ನನ್ನ ಬಾಯಲ್ಲಿ.
ಅರ್ಧಕ್ಕೇ ಕೆಮ್ಮಿದೆ. ಹೊಟ್ಟಿನ ಬೂದಿ ಅಂದೆ.

ಅವಳು ಪೆನ್ನು ಕೇಳಿದಳು. ಕೊಟ್ಟೆ.
ಯಾವ ಚೌಕಕ್ಕೆ ಗುರುತು ಹಾಕಿದಳೋ ನೋಡಲಿಲ್ಲ.
ಮುಚ್ಚಳ ನನ್ನ ಮುಷ್ಟಿಯಲ್ಲೇ ಇತ್ತು,
ಬೆವರಿ.