ಮುಖ್ಯ ಚಾಲಕ

ಅಡುಗೆಮನೆಯ ಮೇಜಿನ ಮೇಲೆ ಮೂರು ಕಾಗದ,
ಹಾರದಂತೆ ಮೇಲೊಂದು ಉಪ್ಪಿನ ಡಬ್ಬಿ.
ನಾನೊಬ್ಬಳೇ ಓಡಿಸಿದರೆ ನಾನೂರ ಹತ್ತು ಪೌಂಡು.
ಯೆಸ್ಟಿನ್ ಹೆಸರು ಸೇರಿದರೆ ಎರಡು ಸಾವಿರದ ಇನ್ನೂರು ಚಿಲ್ಲರೆ;
ಚಿಲ್ಲರೆ ಎಷ್ಟೆಂದು ನೋಡುವ ಧೈರ್ಯ ಬರಲಿಲ್ಲ.
ಮೂರನೆಯದು ಅಗ್ಗ. ಅದರ ಜೊತೆಗೊಂದು ಕಪ್ಪು ಪೆಟ್ಟಿಗೆ.
ಕಾರಿನ ಹೊಟ್ಟೆಯಲ್ಲಿ ಕೂತು ಬರೆದುಕೊಳ್ಳುತ್ತದಂತೆ,
ಎಷ್ಟು ವೇಗ, ಎಂಥ ತಿರುವು, ಬ್ರೇಕು ಎಷ್ಟು ಗಟ್ಟಿ.
ರಾತ್ರಿ ಹನ್ನೊಂದರಿಂದ ಬೆಳಗಿನ ಐದರ ನಡುವೆ
ಚಕ್ರ ಉರುಳಿದರೆ ದಂಡ.

ನನ್ನ ಮಗನ ಕೆಲಸ ಬೇಕರಿಯಲ್ಲಿ.
ಮೂರೂವರೆಗೆ ಒಲೆ ಹೊತ್ತಿಸಬೇಕು.
ಈ ಕಣಿವೆಗೆ ಮೊದಲ ಬಸ್ಸು ಏಳು ಹತ್ತಕ್ಕೆ,
ಅದೂ ಡ್ರೈವರ್ ಗೆಥಿನ್‌ನ ಬೆನ್ನುನೋವು ಒಪ್ಪಿದರೆ.
ಊರು ತಿನ್ನುವ ಬ್ರೆಡ್ಡಿನ ಹಿಟ್ಟು
ಊರು ಮಲಗಿರುವಾಗಲೇ ಉಬ್ಬಬೇಕು,
ಇದನ್ನು ಪೆಟ್ಟಿಗೆಗೆ ತಿಳಿಸಿ ಹೇಳುವವರು ಯಾರು?

ಲೈಸೆನ್ಸು ಸಿಕ್ಕ ದಿನ ಕೊಂಡ ತಾತ್ಕಾಲಿಕ ವಿಮೆ
ಇಪ್ಪತ್ತೆಂಟು ದಿನದ್ದು. ನಾಳೆ ಮುಗಿಯುತ್ತದೆ.

ಫೋನಿನಲ್ಲಿ ಇಪ್ಪತ್ತೆರಡು ನಿಮಿಷ ಪಿಟೀಲು.
ಆಮೇಲೊಬ್ಬ ಹುಡುಗಿ, ಸ್ವಾನ್ಸಿಯ ಕಡೆಯ ಮಾತು,
ಶೀತವಾಗಿತ್ತು ಪಾಪ, ನಡುನಡುವೆ ಮೂಗು ಏರಿಸುತ್ತಿದ್ದಳು.
ವಿಳಾಸ ಕೇಳಿದಳು, ಕಾರು ರಾತ್ರಿ ಎಲ್ಲಿ ಮಲಗುತ್ತದೆಂದು ಕೇಳಿದಳು.
"ಎದುರಿನವರಿಗೆ ಆಗುವ ನಷ್ಟಕ್ಕೆ ಮಾತ್ರ ಸಾಕೇ, ಮೇಡಂ?"
ಆ ಹೊತ್ತಿನಲ್ಲಿ ಎದುರಿನವರು ಎಂದರೆ
ದಾರಿತಪ್ಪಿದ ಕುರಿ, ಇಲ್ಲವೇ ಹಾಲಿನ ಲಾರಿ.
ಹಾಲಿನ ಲಾರಿ ನೆನಪಾದದ್ದೇ
ಪೂರ್ತಿ ವಿಮೆಯೇ ಇರಲಿ ಎಂದೆ.

"ಹಾಗಾದರೆ, ಈ ಕಾರಿನ ಮುಖ್ಯ ಚಾಲಕರು ಯಾರು?"

ನಿನ್ನೆ ಬೇಲಿಯಾಚೆಯಿಂದ ಗ್ಲೆನಿಸ್ ಹೇಳಿಕೊಟ್ಟಿದ್ದಳು:
ನಿನ್ನ ಹೆಸರು ಹೇಳು, ಎಲಿನೆಡ್,
ಹುಡುಗ ಆಗೀಗ ಓಡಿಸುತ್ತಾನೆ ಅನ್ನು,
ಒಂಬೈನೂರು ಉಳಿಯುತ್ತದೆ, ಎಲ್ಲರೂ ಮಾಡುವುದೇ.
ಕ್ಲಿಪ್ಪು ಕಚ್ಚಿಕೊಂಡ ಬಾಯಲ್ಲೇ ಹೇಳಿದ್ದಳು,
ಬಟ್ಟೆ ಒಣಹಾಕುತ್ತ.

ನಾಲಿಗೆಯ ತುದಿಗೆ ಬಂದಿತ್ತು ನನ್ನ ಹೆಸರು.
ಕಿಟಕಿಯಾಚೆ ಕಾರು ನಿಂತಿತ್ತು, ಮೈತುಂಬ ಇಬ್ಬನಿ.
ಅದರ ಸೀಟು ಕೊನೆಯ ಹಲ್ಲಿನವರೆಗೂ ಹಿಂದೆ ಸರಿದಿದೆ,
ನನ್ನ ಕಾಲು ಕ್ಲಚ್ಚಿಗೆ ಎಟುಕುವುದಿಲ್ಲ.
ಕನ್ನಡಿಯಲ್ಲಿ ನೋಡಿದರೆ ರಸ್ತೆಯಿಲ್ಲ, ಬರೀ ಚಾವಣಿ.
ರೇಡಿಯೋ ಮುಟ್ಟಿದರೆ ಯಾರೋ ತಗಡು ಬಡಿಯುತ್ತಾರೆ.
ಸ್ಟಿಯರಿಂಗಿನ ಮೇಲೆ, ಮೇಷ್ಟ್ರು ಹೇಳಿಕೊಟ್ಟ ಜಾಗದಲ್ಲೇ,
ಹತ್ತು ಗಂಟೆಗೊಂದು ಎರಡು ಗಂಟೆಗೊಂದು
ಹಿಟ್ಟಿನ ಕೈಗುರುತು.
ಈ ತಿಂಗಳು ನಾನು ಓಡಿಸಿದ್ದು ಎರಡೇ ಸಲ:
ಒಮ್ಮೆ ಹಲ್ಲಿನ ಡಾಕ್ಟರಲ್ಲಿಗೆ,
ಇನ್ನೊಮ್ಮೆ ಸುಮ್ಮನೆ, ಇನ್ನೂ ಬರುತ್ತದೋ ಎಂದು.

"ಮೇಡಂ, ಇದ್ದೀರಾ?"

ಮಗ, ಎಂದೆ. ಹದಿನೆಂಟು. ಲೈಸೆನ್ಸಿಗೆ ನಾಲ್ಕು ವಾರ.
ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ.
ಎಡಬಾಗಿಲಿನ ಗುಳಿ ಅವನದಲ್ಲ, ನನ್ನದು,
ಮೂರು ವರ್ಷದ ಹಿಂದೆ, ಚಾಪೆಲ್ಲಿನ ಗೋಡೆ,
ಯಾರಿಗೂ ಹೇಳಿರಲಿಲ್ಲ, ಗೋಡೆಗೇನೂ ಆಗಲಿಲ್ಲ.
ಹುಡುಗಿ ನಕ್ಕಳು, ಮೂಗೇರಿಸಿದಳು, ಕೀಲಿಗಳನ್ನು ಕುಟ್ಟಿದಳು.
ಬೆಲೆ ಇನ್ನೂ ಮೂವತ್ತೊಂದು ಪೌಂಡು ಏರಿತು.

ಸಂಜೆ ಯೆಸ್ಟಿನ್ ಕಾಗದ ಓದಿದ. ಕಿವಿ ಕೆಂಪಾಯಿತು.
ತಿಂಗಳಿಗೆ ನೂರು ಕೊಡುತ್ತೇನೆ ಎಂದ.
ಎಂಬತ್ತು ಸಾಕು ಎಂದೆ.
ಗ್ಲೆನಿಸ್‌ಗೆ ಇಬ್ಬರೂ ಹೇಳುವುದಿಲ್ಲವೆಂದು ತೀರ್ಮಾನವಾಯಿತು.

ಈಗ ಮೂರು ಗಂಟೆ. ಬಾಗಿಲು ಮೆಲ್ಲಗೆ ಎಳೆದುಕೊಂಡ,
ನಾನು ಮಲಗಿದ್ದೇನೆಂದು ನಂಬಿ.
ಮೊದಲ ಗೇರು, ಸ್ವಲ್ಪ ಹೆಚ್ಚೇ ಕೂಗಿಸಿದ.
ಎರಡು.
ಸೇತುವೆಯ ಹತ್ತಿರ ಬ್ರೇಕು, ಸರಿಯಾಗಿ.
ಮೂರು.
ಆಮೇಲೆ ಏನೂ ಕೇಳಿಸುವುದಿಲ್ಲ.
ಗುಡ್ಡ ಅಡ್ಡ.