ಹೆಪ್ಪು

ಚಿಕ್ಕಬಳ್ಳಾಪುರ, ಕಂದವಾರದ ಬಾಡಿಗೆ ಮನೆ.
ಮೇಜಿನ ಮೇಲೊಂದು ಗಾಜಿನ ತೊಟ್ಟಿ:
ನಲವತ್ತು ಲೀಟರ್ ನೀರು,
ಒಂದೂವರೆ ಕೇಜಿಗೆ ಕೊಂಚ ಕಡಿಮೆ ಉಪ್ಪು,
ಎಂಟು ಕಲ್ಲು.

"ಮೀನೆಲ್ಲಿ?" ಅಂದರು ಮನೆಯೊಡತಿ ಗಂಗುಲಮ್ಮ.
ಆಮೇಲೆ, ಅಂದೆ.
"ಬರೀ ಕಲ್ಲಿಗೆ ಕರೆಂಟು ಸುಡ್ತೀಯಲ್ಲಮ್ಮ,
ಕಲ್ಲೇ ಬೇಕಿದ್ರೆ ಬೆಟ್ಟ ಐತೆ ಹಿಂದುಗಡೆ."

ಬೆಟ್ಟದ ಕಲ್ಲು ಒಳಗೂ ಕಲ್ಲೇ.
ಇವಕ್ಕೆ ಮೈತುಂಬ ಕಣ್ಣು, ನೀರ್ದೋಸೆಗಿಂತ ಹೆಚ್ಚು.
ಏಳು ಒಣಗಿದವು, ಸುಣ್ಣದ ಬಣ್ಣ, ಸತ್ತವು.
ಎಂಟನೆಯದನ್ನು ಚಿಂತಾಮಣಿಯ ಅಫ್ಸರ್
ತನ್ನ ತೊಟ್ಟಿಯಿಂದ ಎತ್ತಿ
ಒದ್ದೆ ಪೇಪರಿನಲ್ಲಿ ಸುತ್ತಿ
ಬಸ್ಸಿಗೆ ಹಾಕಿ ಕಳಿಸಿದ್ದು.
ಮುಷ್ಟಿಗಾತ್ರ. ಕಡಲ ನಾತ.
ಕಂಡಕ್ಟರ್ ಮೂಗು ಮುಚ್ಚಿಕೊಂಡೇ ಕೊಟ್ಟ.

ಹೇಗೆ ಹೇಳಲಿ?
ಕಲ್ಲಿನ ಕಣ್ಣುಗಳಲ್ಲಿ ಕಾಣದಷ್ಟು ಸಣ್ಣವು ಕೂತು
ವಿಷವನ್ನು ತಿಂದು ಕಡಿಮೆ ವಿಷ ಮಾಡಿ,
ಅದನ್ನು ಇನ್ನೊಂದು ಜಾತಿ ತಿಂದು,
ಅದು ಹಳೇ ಕಲ್ಲಿಂದ ಹೊಸ ಕಲ್ಲಿಗೆ ದಾಟಿ...
ದಿನಕ್ಕೆ ಅರವತ್ತು ಮಂದಿಯ ರಕ್ತ, ಮೂತ್ರ ನೋಡುವವಳು
ಮಾತು ಸಿಗದೆ ನಿಂತೆ.
ಅವರೇ ಬಗ್ಗಿ ನೋಡಿ ಅಂದರು,
"ಅಂದ್ರೆ ಹೆಪ್ಪು ಹಾಕಿದೀಯ."

ಹಾಲು ಒಂದೇ ರಾತ್ರಿಗೆ ಒಪ್ಪಿಕೊಳ್ಳುತ್ತದೆ.
ಕಲ್ಲು ಆರು ವಾರ ತೆಗೆದುಕೊಂಡಿತು.

ಬೋರಿನ ನೀರು ಸಲ್ಲ.
ಐದು ರೂಪಾಯಿ ನಾಣ್ಯ ಹಾಕಿ ಘಟಕದಿಂದ ಕ್ಯಾನು ಹೊತ್ತೆ.
ಉಪ್ಪಿನ ಅಳತೆಗೆ, ಲ್ಯಾಬು ಗುಜರಿಗೆ ಹಾಕಿದ
ಮೂತ್ರದ ಸಾಂದ್ರತೆ ನೋಡುವ ಕೊಳವೆ.
ಕಡಲಿಗೆ ಅದು ತುಸು ಸುಳ್ಳು ಹೇಳುತ್ತದೆ.
ಎಷ್ಟು ಸುಳ್ಳೆಂದು ಗೊತ್ತಿರುವುದರಿಂದ ನಡೆಯುತ್ತದೆ.

ಮೂಲೆಯಲ್ಲಿ ಪಾಚಿ.
ಬಚ್ಚಲ ಲೋಳೆಯಲ್ಲ, ಹಸಿರು ಶಾವಿಗೆ,
ಬೇರಿಲ್ಲ, ಎಲೆಯಿಲ್ಲ, ಬಾಚದ ಕೂದಲಿನ ಗಂಟು.
ತೊಟ್ಟಿಗೆ ಬೇಡವಾದ್ದೇ ಅದರ ಊಟ.
ಅದರ ದೀಪ ಉರಿಯುವುದು ರಾತ್ರಿ,
ಗಂಗುಲಮ್ಮ ಮಾರುಕಟ್ಟೆಗೆ ಹೂವು ಕಟ್ಟುವ ಹೊತ್ತು.
ತಿಂಗಳಿಗೊಂದು ಹಿಡಿ ಕಿತ್ತು ಕೊಡುತ್ತೇನೆ,
ಮೂರು ನೀರಲ್ಲಿ ತೊಳೆದು
ಕನಕಾಂಬರದ ಬುಡಕ್ಕೆ ಹಾಕುತ್ತಾರೆ.

ಶ್ರಾವಣದಲ್ಲೊಂದು ರಾತ್ರಿ ಟ್ರಾನ್ಸ್‌ಫಾರ್ಮರ್ ಸುಟ್ಟಿತು.
ನಾನು ಆಸ್ಪತ್ರೆಯಲ್ಲಿ
ಡೆಂಗಿಯವರ ಪ್ಲೇಟ್‌ಲೆಟ್ ಎಣಿಸುತ್ತಿದ್ದೆ.
ಪಂಪು ನಿಂತರೆ ನೀರಿನ ಉಸಿರು ನಿಲ್ಲುತ್ತದೆ, ಆಮೇಲೆ ಕಲ್ಲಿನದು,
ಆಮೇಲೆ ಎಲ್ಲ ಒಟ್ಟಿಗೆ ಕೊಳೆಯುತ್ತದೆ.
ಜೊತೆಯವಳಿಗೆ ಒಪ್ಪಿಸಿ ಐದಕ್ಕೆ ಓಡಿಬಂದೆ.

ಬಾಗಿಲಲ್ಲಿ ಸೇವಂತಿಗೆಯ ಬುಟ್ಟಿಗಳು, ಹೋಗದೆ ಉಳಿದವು.
ಒಳಗೆ ಸ್ಟೂಲಿನ ಮೇಲೆ ಗಂಗುಲಮ್ಮ,
ಚೊಂಬಿನಲ್ಲಿ ಮೊಗೆದು, ಎತ್ತರದಿಂದ ಸುರಿದು,
ಮತ್ತೆ ಮೊಗೆದು,
ಕಾಫಿ ಆರಿಸುವ ಹಾಗೆ.
ಎರಡರಿಂದ.

"ಸದ್ದು ಮಾಡ್ಬೇಡ."
ಟಾರ್ಚಿಗೆ ಕೆಂಪು ಸೆರಗು ಸುತ್ತಿ ತೋರಿಸಿದರು.
ನಾನು ಸತ್ತದ್ದೆಂದು ಬರೆದಿಟ್ಟ ಕಲ್ಲು,
ಎಡದಿಂದ ಮೂರನೆಯದು,
ಅದರ ಕಣ್ಣೊಂದರಿಂದ ದಾರದಂಥ ತೋಳು,
ಮುಳ್ಳು ಮುಳ್ಳು,
ಕತ್ತಲಲ್ಲಿ ಕನ್ನಡಕ ಹುಡುಕುವವರಂತೆ
ನೀರನ್ನು ತಡಕುತ್ತಿತ್ತು.

"ಹುಳಾನಾ?"
ಅಲ್ಲ, ನಕ್ಷತ್ರದ ಜಾತಿ. ಐದು ತೋಳಿರಬೇಕು.
"ಮಿಕ್ಕ ನಾಲ್ಕು?"
ಒಳಗೆ.
"ಇರ್ಲಿ ಬಿಡು. ಎಲ್ಲಾ ಒಂದೇ ದಿನ ತೋರಿಸ್ಬೇಕಾ."

ಸೆರಗು ಹಿಂಡಿಕೊಂಡರು.
ತೋಯ್ದ ಬೆರಳನ್ನು ನಾಲಗೆಗಿಟ್ಟು,
ಸಾರಿನ ಮುಂದೆ ನಿಂತವರಂತೆ ಒಂದು ಕ್ಷಣ ಯೋಚಿಸಿ ಅಂದರು,
"ಉಪ್ಪು ಸ್ವಲ್ಪ ಜಾಸ್ತಿ ಆಗೈತೆ."

ಕೊಳವೆ ಹಿಡಿದು ನೋಡಿದೆ.
ಆಗಿತ್ತು.